ದೇಹದ ದಾಯ: ಸ್ತನಾರ್ಬುದವೂ ವಂಶಾವಳಿಯೂ

ಸುಗ್ಗಿ ತೀರಿ ಕಣದ ರಾಶಿಯು ಮನೆಯನ್ನು ಸೇರಿದ ಮೇಲೆ ಹೆಳವರು ಊರೂರಿಗೆ ಬರುವುದು ಉತ್ತರ ಕರ್ನಾಟಕದ ಬಹು ಹಳೆಯ ವಾಡಿಕೆ. ಎತ್ತನ್ನೇರಿ, ಗಂಟೆಯನ್ನು ಬಾರಿಸುತ್ತ, ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಮೊದಲುಗೊಂಡು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ಈ ಜನರ ನೆನಪಿನ ಶಕ್ತಿಯನ್ನು ಕಂಡು ಬೆರಗಾಗದವರಿಲ್ಲ. ಯಾವ ಊರಿನಿಂದ ಬಂದವರು, ಯಾವ ಬಳಿಯವರು, ಯಾವ ಅಣ್ಣತಮ್ಮಂದಿರು ಎಂದು ಬೇರೆಯಾದರು ಎಂಬುದೆಲ್ಲವೂ ಅವರ ಬಾಯಲ್ಲಿಯೂ ಹೊತ್ತಿಗೆಗಳಲ್ಲಿಯೂ ಉಳಿದು ಬಂದಿದೆ. ಆದರೆ ಆ ಬಳ್ಳಿಯು ಮುಖ್ಯವಾಗಿ ಗಂಡುಸಂತಾನದ ಬಳ್ಳಿ. ಮದುವೆಯಾಗಿ ಹೋದ ಮಗಳು ಎಲ್ಲಿ ಬಾಳಿದಳು, ಎಷ್ಟನೆಯ ವಯಸ್ಸಿನಲ್ಲಿ ಯಾವ ಬೇನೆಯಿಂದ ತೀರಿದಳು ಎಂಬುದನ್ನು ಯಾರೂ ಹೇಳಿಸುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಸ್ತನಾರ್ಬುದದ ಇತಿಹಾಸವನ್ನು ಹುಡುಕಹೊರಟ ವೈದ್ಯನಿಗೆ ಬೇಕಾದುದು ಈ ಬರೆಯದೆ ಬಿಟ್ಟ ಹೆಸರುಗಳೇ.

ಸೇಡಮ್ ತಾಲ್ಲೂಕಿನ ಮುಧೋಳದಂತಹ ಊರುಗಳಲ್ಲಿ ಈ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದು ಇಂದಿಗೂ ಕಷ್ಟ. "ಎದೆಯಲ್ಲಿ ಗಂಟಾಗಿತ್ತು" ಎಂದು ತಗ್ಗಿದ ದನಿಯಲ್ಲಿ ನುಡಿದು ಮಾತನ್ನು ಬೇರೆ ಕಡೆಗೆ ತಿರುಗಿಸುವರು. ಇದಕ್ಕೆ ಲಜ್ಜೆಯೊಂದೇ ಕಾರಣವಲ್ಲ. ತಾಯಿಗೆ ಬಂದುದು ಮಗಳಿಗೂ ಬರುವುದೆಂಬ ಮಾತು ಹಬ್ಬಿದರೆ ಆ ಮಗಳನ್ನು ಕೇಳಿಕೊಂಡು ಬರುವವರಾರು ಎಂಬ ಅಂಜಿಕೆಯೇ ಅದಕ್ಕಿಂತ ದೊಡ್ಡದು. ಹೀಗಾಗಿ ಅಜ್ಜಿಯ ಬೇನೆ ಮೊಮ್ಮಗಳಿಗೆ ತಿಳಿಯದು. ಸೋದರತ್ತೆ ಹೈದರಾಬಾದಿನ ಆಸ್ಪತ್ರೆಯಲ್ಲಿ ಕಳೆದ ಆರು ತಿಂಗಳು ಯಾವ ಕಾರಣಕ್ಕಾಗಿ ಎಂಬುದು ಅಣ್ಣನ ಮಕ್ಕಳಿಗೆ ತಿಳಿಯದು. ರೋಗವು ವಂಶದಲ್ಲಿ ಇಳಿಯುವುದು ಹೌದೆ, ಇಳಿದರೆ ಯಾವ ಕ್ರಮದಿಂದ, ಯಾವ ಪ್ರಮಾಣದಲ್ಲಿ ಎಂಬ ಪ್ರಶ್ನೆಗಳಿಗೆ ಈಗ ತಕ್ಕಮಟ್ಟಿನ ಉತ್ತರವಿದೆ. ಆ ಉತ್ತರವು ದೊರೆತ ಬಗೆ ಸ್ವಾರಸ್ಯವಾದುದು. ಅದರ ಒಂದೆರಡು ಪ್ರಕರಣಗಳು ಕನ್ನಡನಾಡಿನಲ್ಲಿಯೇ ನಡೆದಿವೆ.

ಶಹಾಬಾದದ ಸಮೀಪದಲ್ಲಿರುವ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರತೀತಿಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಈ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ದಾಯಪ್ರಕರಣವನ್ನು 1810ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಿರುಗಿಸಿದ ಮೇಲೆ, ಬಂಗಾಳವೊಂದನ್ನು ಬಿಟ್ಟು ಭರತಖಂಡದ ಬಹುಭಾಗದ ನ್ಯಾಯಾಲಯಗಳು ಆಸ್ತಿಯ ಹಂಚಿಕೆಗೆ ಅದನ್ನೇ ಪ್ರಮಾಣವಾಗಿ ಹಿಡಿದವು. ಇದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ ಆಚಾರಾಧ್ಯಾಯದಲ್ಲಿ ಅವನು ಸಪಿಂಡರೆಂದರೆ ಯಾರೆಂಬುದಕ್ಕೆ ಕೊಟ್ಟಿರುವ ಅರ್ಥ. ಪಿಂಡವೆಂದರೆ ಶ್ರಾದ್ಧದ ಅನ್ನದ ಉಂಡೆಯೆಂದು ಬೇರೆಯವರು ಅರ್ಥಮಾಡಿದರೆ, ವಿಜ್ಞಾನೇಶ್ವರನು ಪಿಂಡವೆಂದರೆ ಶರೀರವೆಂದನು. ಮಗನಲ್ಲಿ ತಂದೆಯ ಶರೀರದ ಅವಯವಗಳು ಬಂದಿವೆ. ತಂದೆಯ ಮೂಲಕ ಅಜ್ಜನವೂ ಬಂದಿವೆ. ಅದರಂತೆಯೇ ತಾಯಿಯ ಶರೀರದ ಅಂಶವೂ, ತಾಯಿಯ ಮೂಲಕ ಆಕೆಯ ತಂದೆತಾಯಿಗಳ ಅಂಶವೂ ಬಂದಿವೆ. ಆದುದರಿಂದಲೇ ಚಿಕ್ಕತಾಯಿ, ಸೋದರಮಾವ, ಸೋದರತ್ತೆ ಮೊದಲಾದವರೊಡನೆ ಸಾಪಿಂಡ್ಯವುಂಟು ಎಂದು ಅವನ ವಾದ. ನಮ್ಮ ಜನರು ಕರುಳುಬಳ್ಳಿಯೆಂದು ಕರೆಯುವುದನ್ನೇ ಆ ಶಾಸ್ತ್ರಿಯು ತರ್ಕದ ಭಾಷೆಯಲ್ಲಿ ಹೇಳಿದನು.

ಇಷ್ಟಕ್ಕೇ ನಿಲ್ಲದೆ ಅವನು ತನ್ನ ವಾದಕ್ಕೆ ತಾನೇ ಆಕ್ಷೇಪವನ್ನೂ ತೆಗೆದಿರುವನು. ಶರೀರದ ಅಂಶವು ಹೀಗೆ ಇಳಿಯುತ್ತಲೇ ಹೋಗುವುದಾದರೆ ಅನಾದಿಯಾದ ಸಂಸಾರದಲ್ಲಿ ಎಲ್ಲರಿಗೂ ಎಲ್ಲರೊಡನೆಯೂ ಸಾಪಿಂಡ್ಯ ಬಂದೀತಲ್ಲವೆ? ಅದಕ್ಕಾಗಿ ತಂದೆಯ ಕಡೆಯಲ್ಲಿ ಏಳನೆಯವನಿಗೂ ತಾಯಿಯ ಕಡೆಯಲ್ಲಿ ಐದನೆಯವನಿಗೂ ಅದು ಮುಗಿಯುವುದೆಂಬ ಸ್ಮೃತಿಯ ಮಿತಿಯನ್ನು ಒಪ್ಪಬೇಕೆಂದನು. ಇಂದಿನ ಲೆಕ್ಕದಿಂದ ನೋಡಿದರೆ ಈ ಮಿತಿಯಲ್ಲಿ ಒಂದು ಔಚಿತ್ಯವಿದೆ. ತಂದೆತಾಯಿಗಳ ಬೀಜದಲ್ಲಿರುವ ಒಂದು ನಿರ್ದಿಷ್ಟ ದೋಷವು ಮಗುವಿಗೆ ಇಳಿಯುವ ಸಂಭವವು ಎರಡರಲ್ಲಿ ಒಂದು. ಮೊಮ್ಮಗುವಿಗೆ ನಾಲ್ಕರಲ್ಲಿ ಒಂದು. ಹೀಗೆ ಪ್ರತಿ ಮೆಟ್ಟಿಲಿಗೂ ಅರ್ಧವಾಗುತ್ತ, ಮೂಲಪುರುಷನನ್ನೂ ಸೇರಿಸಿ ಎಣಿಸಿದ ಏಳನೆಯವನಿಗೆ 64ರಲ್ಲಿ ಒಂದು, ಐದನೆಯವನಿಗೆ 16ರಲ್ಲಿ ಒಂದು ಆಗುತ್ತದೆ. ಆದರೆ ತಂದೆಯ ಕಡೆಗೆ ಒಂದು ಮಿತಿ, ತಾಯಿಯ ಕಡೆಗೆ ಇನ್ನೊಂದು ಮಿತಿ ಎಂಬ ಭೇದವನ್ನು ಪ್ರಕೃತಿಯು ಅರಿಯದು. ಗಂಡೆಂದೂ ಹೆಣ್ಣೆಂದೂ ಎಣಿಸದೆ ದೇಹದ ದಾಯವು ಮೊದಲಿನಿಂದಲೂ ಸಮನಾಗಿ ಹಂಚಿಕೆಯಾಗುತ್ತ ಬಂದಿದೆ. ಹೊಲಮನೆಗಳ ದಾಯದಲ್ಲಿ ಮಗಳಿಗೆ ಸಮಭಾಗವು ಕರ್ನಾಟಕದಲ್ಲಿ 1994ರಲ್ಲಿಯೂ, ಇಡೀ ದೇಶದಲ್ಲಿ 2005ರಲ್ಲಿಯೂ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು.

ವೈದ್ಯಗ್ರಂಥಗಳಿಗೆ ಬಂದರೆ, ಸುಶ್ರುತನು ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ಏಳು ವಿಧವಾಗಿ ವಿಂಗಡಿಸಿ, ಮೊದಲನೆಯದಕ್ಕೆ ಆದಿಬಲಪ್ರವೃತ್ತವೆಂದು ಹೆಸರಿಟ್ಟಿದ್ದಾನೆ. ಶುಕ್ರಶೋಣಿತಗಳ ದೋಷದಿಂದ ಹುಟ್ಟುವ ಕುಷ್ಠ, ಅರ್ಶಸ್ಸು ಮೊದಲಾದವು ಈ ಗುಂಪಿಗೆ ಸೇರಿದವು. ಅವು ಮಾತೃಜ, ಪಿತೃಜ ಎಂದು ಎರಡು ಬಗೆ. ತಾಯಿಯಿಂದ ಬಂದುದು, ತಂದೆಯಿಂದ ಬಂದುದು ಎಂದು ಎರಡನ್ನೂ ಸಮಕಟ್ಟಿನಲ್ಲಿ ಇಟ್ಟುದು ಗಮನಿಸತಕ್ಕ ಮಾತು. ಚರಕಸಂಹಿತೆಯು ಇನ್ನೂ ಸೂಕ್ಷ್ಮವಾಗಿ, ಬೀಜದ ಯಾವ ಭಾಗವು ಕೆಟ್ಟಿರುವುದೋ ಅದರಿಂದ ಹುಟ್ಟುವ ಅವಯವವು ವಿಕಾರಗೊಳ್ಳುವುದೆಂದು ಹೇಳುತ್ತದೆ. ಅರ್ಬುದಗಳನ್ನು ಸುಶ್ರುತನು ನಿದಾನಸ್ಥಾನದಲ್ಲಿ ಬೇರೆಯಾಗಿ ವರ್ಣಿಸಿದ್ದಾನೆ. ಆದರೆ ಕುಲಜ ವ್ಯಾಧಿಗಳಿಗೆ ಅವನು ಕೊಟ್ಟ ಉದಾಹರಣೆಗಳಲ್ಲಿ ಅರ್ಬುದವಿಲ್ಲ. ಆದುದರಿಂದ ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹೊಗಳಿಕೊಳ್ಳುವುದಕ್ಕೆ ಇಲ್ಲಿ ಎಡೆಯಿಲ್ಲ. ಬೀಜದೋಷವೆಂಬ ಭಾವನೆಯೂ ಅರ್ಬುದವೆಂಬ ರೋಗಜ್ಞಾನವೂ ಒಂದೇ ಗ್ರಂಥದ ಎರಡು ಸ್ಥಾನಗಳಲ್ಲಿ ಬೇರೆಬೇರೆಯಾಗಿಯೇ ಉಳಿದವು.

ಅವೆರಡನ್ನೂ ಕೂಡಿಸಿದವನು ಫ್ರಾನ್ಸ್ ದೇಶದ ಶಸ್ತ್ರವೈದ್ಯನಾದ ಪೌಲ್ ಬ್ರೋಕಾ. ಮೆದುಳಿನಲ್ಲಿ ಮಾತಿನ ನೆಲೆಯನ್ನು 1861ರಲ್ಲಿ ತೋರಿಸಿಕೊಟ್ಟವನೂ ಇವನೇ. 1866ರಲ್ಲಿ ಅಚ್ಚಾದ ಅವನ ಅರ್ಬುದಗ್ರಂಥದಲ್ಲಿ ಒಂದು ಕುಟುಂಬದ ವಂಶಾವಳಿಯಿದೆ. ನಾಲ್ಕು ತಲೆಮಾರುಗಳ 24 ಸ್ತ್ರೀಯರಲ್ಲಿ 10 ಮಂದಿ ಸ್ತನಾರ್ಬುದದಿಂದ ಮಡಿದುದನ್ನು ಅವನು ಅಲ್ಲಿ ಲೆಕ್ಕವಿಟ್ಟಿದ್ದಾನೆ. ಹೆಸರುಗಳನ್ನು ಮರೆಸಿದ್ದರೂ ಆ ಕುಟುಂಬವು ಅವನ ಹೆಂಡತಿಯ ತವರಿನದೆಂದು ವೈದ್ಯಚರಿತ್ರಕಾರರು ಹೇಳುವರು. ತನ್ನ ಮನೆಯೊಳಗಿನ ಈ ದುಃಖಪರಂಪರೆಯನ್ನು ಎಣಿಸಿ ಬರೆಯುವಾಗ ಅವನ ಮನಸ್ಸು ಹೇಗಿದ್ದಿತೋ! ಅದೇ 1866ರಲ್ಲಿ ಬ್ರುನ್ ಪಟ್ಟಣದ ಸಂನ್ಯಾಸಿಯಾದ ಮೆಂಡೆಲನ ಬಟಾಣಿಗಿಡದ ಪ್ರಯೋಗಗಳೂ ಅಚ್ಚಾದವು. ಗುಣಗಳು ತಂದೆತಾಯಿಗಳಿಂದ ಸಂತಾನಕ್ಕೆ ಗಣಿತದ ನಿಯಮದಂತೆ ಇಳಿಯುವುದನ್ನು ಅವನು ಕಂಡುಹಿಡಿದಿದ್ದನು. ಒಬ್ಬನ ಕೈಯಲ್ಲಿ ರೋಗದ ವಂಶಾವಳಿ, ಇನ್ನೊಬ್ಬನ ಕೈಯಲ್ಲಿ ವಂಶದ ಗಣಿತ. ಆದರೂ ಈ ಎರಡೂ ಸೇರುವುದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ನಡುವಿನ ಕಾಲದಲ್ಲಿ ಬಲ್ಲವರ ಮತವು ವಂಶವಾದಕ್ಕೆ ವಿರೋಧವಾಗಿಯೇ ಇದ್ದಿತು. ಅರ್ಬುದವು ಎಷ್ಟೋ ಜನರಿಗೆ ಬರುವ ರೋಗ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ಅದು ಕಾಕತಾಳೀಯವೆಂದೋ, ಒಂದೇ ಅನ್ನನೀರಿನ ಫಲವೆಂದೋ ತಳ್ಳಿಹಾಕುತ್ತಿದ್ದರು. ಅಮೆರಿಕದ ಒಮಾಹಾ ಪಟ್ಟಣದ ಹೆನ್ರಿ ಲಿಂಚರು 1960ರ ದಶಕದಿಂದ ಊರೂರು ತಿರುಗಿ ಕುಟುಂಬಗಳ ಚರಿತ್ರೆಯನ್ನು ಸಂಗ್ರಹಿಸಿ, ಸ್ತನ ಮತ್ತು ಅಂಡಾಶಯಗಳ ಅರ್ಬುದಗಳು ಕೆಲವು ಕುಲಗಳಲ್ಲಿ ಜೊತೆಯಾಗಿ ಇಳಿಯುವುದನ್ನು 1971ರಲ್ಲಿ ಪ್ರಕಟಿಸಿದರೂ ಸಂದೇಹವು ಉಳಿಯಿತು. ಅದನ್ನು ನೀಗಿದವರು ಮೇರಿ ಕ್ಲೇರ್ ಕಿಂಗ್ ಎಂಬ ವಿದುಷಿ. ಗಣಿತವನ್ನು ಓದಿ ವಂಶಶಾಸ್ತ್ರಕ್ಕೆ ಬಂದ ಇವರು 1974ರಲ್ಲಿ ತೊಡಗಿ ಹದಿನಾರು ವರ್ಷ ಇದೊಂದರ ಬೆನ್ನನ್ನೇ ಹಿಡಿದರು. ಅವರ ಬಳಿಯಿದ್ದುದು 23 ದೊಡ್ಡ ಕುಟುಂಬಗಳು, ಅವುಗಳಲ್ಲಿ 146 ರೋಗಿಗಳು. ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡಿದರೆ ಏನೂ ತೋರುತ್ತಿರಲಿಲ್ಲ. ರೋಗ ತಗುಲಿದ ವಯಸ್ಸಿನ ಕ್ರಮದಲ್ಲಿ ಆ ಕುಟುಂಬಗಳನ್ನು ಸಾಲಾಗಿ ಇಟ್ಟು ನೋಡಿದಾಗ ಮಾತ್ರ ಗುಟ್ಟು ಹೊರಬಿದ್ದಿತು. ಎಳೆಯ ವಯಸ್ಸಿನಲ್ಲಿಯೇ ರೋಗ ಬಂದ ಕುಟುಂಬಗಳಲ್ಲಿ ಅದು ಹದಿನೇಳನೆಯ ವರ್ಣತಂತುವಿನ ಒಂದು ಸ್ಥಾನದೊಡನೆ ಬಿಡದೆ ಇಳಿದು ಬರುತ್ತಿತ್ತು. ಮುಪ್ಪಿನಲ್ಲಿ ಬಂದ ಕುಟುಂಬಗಳಲ್ಲಿ ಹಾಗಿರಲಿಲ್ಲ. 1990ರ ಡಿಸೆಂಬರಿನಲ್ಲಿ ಇದು ಅಚ್ಚಾಯಿತು. ಆ ಸ್ಥಾನದ ವಂಶವಾಹಿಯು 1994ರಲ್ಲಿ ಕೈಗೆ ಸಿಕ್ಕಿತು; ಅದಕ್ಕೆ ಬಿ.ಆರ್.ಸಿ.ಎ. 1 ಎಂದು ಹೆಸರು. ಹದಿಮೂರನೆಯ ವರ್ಣತಂತುವಿನಲ್ಲಿರುವ ಬಿ.ಆರ್.ಸಿ.ಎ. 2 ಮರುವರ್ಷ ದೊರೆಯಿತು. ಮೊದಲನೆಯದನ್ನು ತಮ್ಮ ಸ್ವಾಮ್ಯವೆಂದು ಒಂದು ಅಮೆರಿಕನ್ ಕಂಪನಿಯವರು ಪೇಟೆಂಟ್ ಪಡೆದುದೂ, ಪ್ರಕೃತಿಯು ಕೊಟ್ಟ ಬೀಜಾಂಶವು ಯಾರ ಸ್ವತ್ತೂ ಅಲ್ಲವೆಂದು ಆ ದೇಶದ ಪರಮೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತುದೂ ಬೇರೆಯೇ ಒಂದು ಕಥೆ.

ಈ ವಂಶವಾಹಿಗಳು ರೋಗವನ್ನು ಉಂಟುಮಾಡುವುದಕ್ಕಾಗಿ ಇರುವುವಲ್ಲ. ಅದನ್ನು ತಡೆಯುವುದೇ ಅವುಗಳ ಕೆಲಸ. ಜೀವಕೋಶದ ಬೀಜಲೇಖವು ಮುರಿದಾಗ ಅದನ್ನು ಬೆಸೆದು ಸರಿಪಡಿಸುವ ಪ್ರೋಟೀನುಗಳನ್ನು ಅವು ನಿರ್ಮಿಸುತ್ತವೆ. ಪ್ರತಿಯೊಬ್ಬರಲ್ಲಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳುಂಟು. ಹುಟ್ಟುವಾಗಲೇ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸವನ್ನು ನಡೆಸುತ್ತದೆ. ವಯಸ್ಸು ಕಳೆದಂತೆ ಯಾವುದೋ ಒಂದು ಕೋಶದಲ್ಲಿ ಆ ಉಳಿದ ಪ್ರತಿಯೂ ಹಾಳಾದರೆ ಅಲ್ಲಿ ದುರಸ್ತಿ ನಿಂತು, ತಪ್ಪುಗಳು ತಪ್ಪುಗಳ ಮೇಲೆ ಸೇರಿ, ಅರ್ಬುದಕ್ಕೆ ದಾರಿಯಾಗುತ್ತದೆ. ಆದುದರಿಂದ ಮಗಳಿಗೆ ಇಳಿಯುವುದು ರೋಗವಲ್ಲ, ರೋಗಕ್ಕೆ ಎಡೆಗೊಡುವ ಒಂದು ಕೊರತೆ. ಅದಿದ್ದವರೆಲ್ಲರೂ ರೋಗಿಗಳಾಗುವುದಿಲ್ಲ. ಆದರೆ ಅಪಾಯವು ಹಗುರವಾದುದೂ ಅಲ್ಲ. 2017ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಅಧ್ಯಯನದ ಪ್ರಕಾರ, ಮೊದಲನೆಯ ವಂಶವಾಹಿಯಲ್ಲಿ ದೋಷವುಳ್ಳ ಸ್ತ್ರೀಯರಲ್ಲಿ ನೂರಕ್ಕೆ 72 ಮಂದಿಗೂ, ಎರಡನೆಯದರಲ್ಲಿ ದೋಷವುಳ್ಳವರಲ್ಲಿ 69 ಮಂದಿಗೂ ಎಂಬತ್ತು ವಯಸ್ಸಿನೊಳಗೆ ಸ್ತನಾರ್ಬುದವು ಕಾಣಿಸಿಕೊಳ್ಳುವ ಸಂಭವವಿದೆ. ಅಂಡಾಶಯದ ಅರ್ಬುದಕ್ಕೆ ಆ ಅಂಕಿಗಳು 44 ಮತ್ತು 17.

ಕನ್ನಡನಾಡಿನ ಕುಟುಂಬಗಳಲ್ಲಿ ಈ ದೋಷವಿದೆಯೆ ಎಂಬುದನ್ನು ಪರೀಕ್ಷಿಸಿದವರು ಬೆಂಗಳೂರಿನವರೇ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ವೈದ್ಯರೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಕೂಡಿ, ಮನೆತನದಲ್ಲಿ ಸ್ತನದ ಇಲ್ಲವೆ ಅಂಡಾಶಯದ ಅರ್ಬುದವು ಹಿಂದೆಯೂ ಬಂದಿದ್ದ 61 ಮಂದಿ ದಕ್ಷಿಣಭಾರತದ ರೋಗಿಗಳ ಬೀಜಲೇಖವನ್ನು ಓದಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 17 ಮಂದಿಯಲ್ಲಿ ದೋಷವು ಸಿಕ್ಕಿತು. ಮೊದಲನೆಯ ವಂಶವಾಹಿಯಲ್ಲಿ 15, ಎರಡನೆಯದರಲ್ಲಿ 2. ಸ್ತನಾರ್ಬುದ ಮಾತ್ರವೇ ಇದ್ದ 39 ಕುಟುಂಬಗಳಲ್ಲಿ ಒಂಬತ್ತಕ್ಕೂ, ಅಂಡಾಶಯದ್ದು ಮಾತ್ರವಿದ್ದ ಹತ್ತರಲ್ಲಿ ನಾಲ್ಕಕ್ಕೂ ಅದು ಅಂಟಿದ್ದಿತು. ಹಿಂದೆ ಯಾವ ದೇಶದಲ್ಲಿಯೂ ಕಂಡಿರದ ನಾಲ್ಕು ದೋಷಗಳು ಇವುಗಳಲ್ಲಿದ್ದವು.

ಆದರೆ ಓದಿದವರನ್ನು ಬೆರಗುಗೊಳಿಸಿದ್ದು ಆ ನಾಲ್ಕಲ್ಲ. 61ರಲ್ಲಿ ಹತ್ತು ಮಂದಿಯಲ್ಲಿ ಕಂಡುಬಂದ ಒಂದೇ ದೋಷ, 185ನೆಯ ಸ್ಥಾನದ ಅಕ್ಷರಲೋಪ. ಮಧ್ಯ ಮತ್ತು ಪೂರ್ವ ಯೂರೋಪಿನ ಯೆಹೂದ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿರುವ, ಅವರ ಕುಲಚಿಹ್ನೆಯೆಂಬಂತೆ ಪ್ರಸಿದ್ಧವಾಗಿದ್ದ ದೋಷವದು. ಬೀಜಲೇಖದಲ್ಲಿ ಅಡೆನಿನ್, ಗ್ವಾನಿನ್ ಎಂಬ ಎರಡೇ ಎರಡು ಅಕ್ಷರಗಳು ಬಿಟ್ಟುಹೋಗಿರುವುದು ಇದರ ಸ್ವರೂಪ. ಎರಡಕ್ಷರ ಬಿಟ್ಟುಹೋದರೆ ಇಷ್ಟು ಅನರ್ಥವೇ ಎಂದು ಕೇಳಬಹುದು. ಛಂದಸ್ಸನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮೂರು ಮೂರು ಮಾತ್ರೆಯ ಗಣಗಳಲ್ಲಿ ನಡೆಯುವ ಪದ್ಯದ ಆರಂಭದಲ್ಲಿಯೇ ಎರಡು ಮಾತ್ರೆಗಳನ್ನು ನುಂಗಿ, ಉಳಿದುದನ್ನು ಹಾಗೆಯೇ ಮೂರು ಮೂರಾಗಿ ಒಡೆಯುತ್ತ ಹೋದರೆ ಅಲ್ಲಿಂದ ಮುಂದಿನ ಒಂದು ಗಣವೂ ತನ್ನ ಎಡೆಯಲ್ಲಿ ಬೀಳದು. ಬೀಜಲೇಖವೂ ಮೂರು ಮೂರು ಅಕ್ಷರಗಳಾಗಿಯೇ ಓದಿಸಿಕೊಳ್ಳುತ್ತದೆ. ಲೋಪದ ಬಳಿಕ ಓದು ದಾರಿತಪ್ಪಿ, ಸ್ವಲ್ಪದೂರದಲ್ಲಿಯೇ ಮುಗಿಯಿತೆಂಬ ಸಂಕೇತವು ಬಂದುಬಿಡುತ್ತದೆ. 1863 ಘಟಕಗಳ ಉದ್ದವಿರಬೇಕಾದ ಪ್ರೋಟೀನು ನಾಲ್ವತ್ತನ್ನೂ ಮುಟ್ಟದೆ ಮೊಟಕಾಗುತ್ತದೆ.

ಯೂರೋಪಿನ ಯೆಹೂದ್ಯರ ದೋಷವು ದಕ್ಷಿಣಭಾರತದ ಹೆಂಗಸರಲ್ಲಿ ಹೇಗೆ ಬಂದಿತು? ಕೊಚ್ಚಿಯಲ್ಲಿ ಯೆಹೂದ್ಯರು ನೆಲಸಿದ್ದರು, ಪಶ್ಚಿಮ ಕರಾವಳಿಯೊಡನೆ ಪರದೇಶಗಳ ವ್ಯಾಪಾರವಿದ್ದಿತು ಎಂದು ಕಥೆ ಕಟ್ಟುವುದು ಸುಲಭ. ಆದರೆ ಇದನ್ನು ತೂಗಿನೋಡಲು ಒಂದು ಮಾರ್ಗವುಂಟು. ದೋಷದ ಅಕ್ಕಪಕ್ಕದ ಬೀಜಲೇಖವೂ ಅದರೊಡನೆಯೇ ಇಳಿದು ಬರುವುದರಿಂದ, ಒಂದೇ ಮೂಲದಿಂದ ಬಂದವರಲ್ಲಿ ಆ ನೆರೆಯ ಗುರುತುಗಳೂ ಒಂದೇ ಆಗಿರಬೇಕು. ಒಂದು ಭಾರತೀಯ ಕುಟುಂಬದಲ್ಲಿ ಹೀಗೆ ನೋಡಿದವರು, ಅಲ್ಲಿ ಈ ಲೋಪವು ಯೆಹೂದ್ಯರ ಸಂಬಂಧವಿಲ್ಲದೆ ಸ್ವತಂತ್ರವಾಗಿ ಹುಟ್ಟಿದುದೆಂದು 2007ರಲ್ಲಿ ತೀರ್ಮಾನಿಸಿದರು. ಒಂದೇ ಕಾವ್ಯವನ್ನು ಪ್ರತಿಮಾಡುವ ಇಬ್ಬರು ಲಿಪಿಕಾರರು ಬೇರೆಬೇರೆ ನಾಡುಗಳಲ್ಲಿ ಒಂದೇ ಎಡೆಯಲ್ಲಿ ಎಡವಿದಂತಾಯಿತು. ಹಳೆಯ ಓಲೆಗಳನ್ನು ಸಂಶೋಧಿಸುವವರಿಗೆ ಇದರಲ್ಲಿ ಹೊಸದೇನೂ ಕಾಣದು.

61ರಲ್ಲಿ 17 ಎಂಬ ಲೆಕ್ಕವನ್ನು ಓದಿ ಯಾರೂ ಹೌಹಾರಬಾರದು. ಅವರು ಮನೆತನದಲ್ಲಿ ರೋಗವಿದ್ದುದರಿಂದಲೇ ಆಯ್ದ ಜನರು. ಸ್ತನಾರ್ಬುದವೆಲ್ಲವನ್ನೂ ತೆಗೆದುಕೊಂಡರೆ, ಇಂತಹ ಬಲವಾದ ವಂಶದೋಷದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. 52 ಅಧ್ಯಯನಗಳನ್ನು ಒಟ್ಟುಗೂಡಿಸಿ 58,209 ರೋಗಿಗಳನ್ನು ಲೆಕ್ಕಹಾಕಿದ 2001ರ ವರದಿಯೊಂದುಂಟು. ತಾಯಿ, ಅಕ್ಕತಂಗಿ, ಮಗಳು ಇವರಲ್ಲಿ ಒಬ್ಬರಿಗೆ ರೋಗವಿದ್ದರೆ ಅಪಾಯವು 1.8 ಪಟ್ಟು, ಇಬ್ಬರಿಗಿದ್ದರೆ 2.9 ಪಟ್ಟು, ಮೂವರಿಗಿದ್ದರೆ 3.9 ಪಟ್ಟು ಹೆಚ್ಚುವುದೆಂದು ಅದು ಹೇಳುತ್ತದೆ. ಆದರೂ ರೋಗ ಬಂದ ಒಂಬತ್ತು ಮಂದಿಯಲ್ಲಿ ಎಂಟು ಮಂದಿಗೆ ಅಂತಹ ಬಂಧುಗಳಾರಲ್ಲಿಯೂ ರೋಗವಿರಲಿಲ್ಲ. "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ" ಎಂಬ ಧೈರ್ಯದಿಂದ ಗಂಟನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡ ಗೃಹಿಣಿಯರಿಗೆ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯ. ಬೆಂಗಳೂರಿನ ಅರ್ಬುದ ದಾಖಲೆಯು 1982ರಲ್ಲಿ ಆರಂಭವಾದಾಗ ಸ್ತ್ರೀಯರಲ್ಲಿ ಗರ್ಭಕೊರಳಿನ ಅರ್ಬುದವೇ ಮೊದಲಿನದಾಗಿದ್ದಿತು. ಬಳಿಕ ಸ್ತನಾರ್ಬುದವು ಅದನ್ನು ಮೀರಿತು. ಇಡೀ ದೇಶದಲ್ಲಿ 2022ರ ಒಂದೇ ವರ್ಷ ಸುಮಾರು 1,92,000 ಹೊಸ ರೋಗಿಗಳೂ 98,000 ಮರಣಗಳೂ ಅಂದಾಜಾಗಿವೆ. ಬೀಜಲೇಖವು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಬದಲಾಗುವುದಿಲ್ಲವಾದುದರಿಂದ ಈ ಏರಿಕೆಗೆ ಕಾರಣವನ್ನು ವಂಶದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹೆರಿಗೆಗಳ ಸಂಖ್ಯೆ, ಮೊದಲ ಹೆರಿಗೆಯ ವಯಸ್ಸು, ಮೊಲೆಯೂಡಿಸಿದ ಕಾಲ, ಸ್ಥೂಲತೆ, ಆಯುಸ್ಸು ಇವೇ ಮಾರ್ಪಟ್ಟಿರುವುವು.

ಇನ್ನು ಸೋದರಸಂಬಂಧದ ಮದುವೆಯ ಮಾತು. ಸೋದರಮಾವನ ಮಗಳನ್ನು ತರುವುದು ದಾಕ್ಷಿಣಾತ್ಯರ ಆಚಾರವೆಂದು ಬೌಧಾಯನನೇ ಹೇಳಿರುವನು. ಕಲಬುರಗಿಯ ಸೀಮೆಯಲ್ಲಿಯೂ ಆ ಬಳಕೆಯಿದೆ. ಸ್ತನಾರ್ಬುದವೂ ಇದರಿಂದಲೇ ಬರುವುದೆಂದು ಕೆಲವರು ತಿಳಿದಿರುವುದು ತಪ್ಪು. ಈ ದೋಷಕ್ಕೆ ಒಂದೇ ಪ್ರತಿ ಸಾಕು. ಗಂಡಹೆಂಡಿರು ಬಂಧುಗಳಾಗಿರಲಿ, ಅಪರಿಚಿತರಾಗಿರಲಿ, ಒಬ್ಬರಲ್ಲಿದ್ದರೆ ಪ್ರತಿ ಮಗುವಿಗೂ ಎರಡರಲ್ಲಿ ಒಂದೇ ಸಂಭವ. ಆದರೆ ಒಂದೇ ಅಜ್ಜಿಯಿಂದ ಇಬ್ಬರಿಗೂ ಎರಡನೆಯ ವಂಶವಾಹಿಯ ದೋಷವು ಇಳಿದಿದ್ದು, ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದರೆ, ಫ್ಯಾನ್ಕೋನಿಯ ರಕ್ತಹೀನತೆಯೆಂಬ ಕಠಿನವಾದ ಬಾಲವ್ಯಾಧಿಯು ಉಂಟಾಗಬಹುದೆಂದು 2002ರಲ್ಲಿ ಗೊತ್ತಾಯಿತು. ಅದು ವಿರಳ.

ಇದಕ್ಕಿಂತ ಹೆಚ್ಚು ಹಾನಿಯನ್ನು ಮಾಡಿರುವುದು ಇನ್ನೊಂದು ತಪ್ಪು ತಿಳಿವಳಿಕೆ: ಹೆಂಗಸರ ರೋಗವಾದುದರಿಂದ ಅದು ಹೆಂಗಸರ ಮೂಲಕವೇ ಬರುವುದೆಂಬುದು. ಆದುದರಿಂದ ಮಗಳಿಗೆ ರೋಗವಾದರೆ ತಾಯಿಯ ತವರನ್ನು ದೂರುವರು. ತಂದೆಯ ಅಕ್ಕತಂಗಿಯರನ್ನು ಯಾರೂ ಕೇಳುವುದಿಲ್ಲ. ದೋಷದ ಪ್ರತಿಯನ್ನು ತಂದೆಯು ಕೊಡುವುದೂ ತಾಯಿಯು ಕೊಡುವುದೂ ಸರಿಸಮ. ಗಂಡುಮಕ್ಕಳೇ ಹೆಚ್ಚಿದ್ದ ಮನೆಯಲ್ಲಿ ಅದು ಎರಡು ತಲೆಮಾರು ಸದ್ದಿಲ್ಲದೆ ಇಳಿದು, ಮೂರನೆಯ ತಲೆಮಾರಿನ ಮೊಮ್ಮಗಳಲ್ಲಿ ಥಟ್ಟನೆ ತಲೆಯೆತ್ತಬಹುದು. ಆಗ ಮನೆಯವರು "ನಮ್ಮ ವಂಶದಲ್ಲೇ ಇರಲಿಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳುವರು. ಎರಡನೆಯ ವಂಶವಾಹಿಯ ದೋಷವಿದ್ದ ಗಂಡಸರಿಗೂ ಸ್ತನಾರ್ಬುದವು ಬರುವುದುಂಟು. ಮಾತೃಜವೆಂದೂ ಪಿತೃಜವೆಂದೂ ಎರಡನ್ನೂ ಹೇಳಿದ್ದ ಸುಶ್ರುತನ ಎಚ್ಚರವು ಮನೆಮಾತಿನಲ್ಲಿ ಉಳಿಯದೆ ಹೋದುದು ಶೋಚನೀಯ.

ತಿಳಿದು ಮಾಡುವುದೇನೆಂಬ ಪ್ರಶ್ನೆಗೆ ಹಿಂದೆ ಉತ್ತರವಿರಲಿಲ್ಲ, ಈಗ ಉಂಟು. ದೋಷವಿರುವುದು ಗೊತ್ತಾದವರು ಎಳೆಯ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಗಂಟನ್ನು ಸಣ್ಣದಿರುವಾಗಲೇ ಹಿಡಿಯಬಹುದು. ಮಕ್ಕಳಾದ ಬಳಿಕ ಅಂಡಾಶಯಗಳನ್ನು ತೆಗೆಸುವುದು, ಕೆಲವರು ಸ್ತನಗಳನ್ನೇ ತೆಗೆಸಿಕೊಳ್ಳುವುದು, ಅಪಾಯವನ್ನು ಬಹಳವಾಗಿ ಇಳಿಸುತ್ತದೆ. ದುರಸ್ತಿ ನಿಂತ ಕೋಶಗಳನ್ನೇ ಗುರಿಯಿಟ್ಟು ಕೊಲ್ಲುವ ಔಷಧವು 2014ರಿಂದ ಬಳಕೆಗೆ ಬಂದಿದೆ. ಮನೆಯಲ್ಲಿ ಒಬ್ಬರ ದೋಷವು ಯಾವ ಅಕ್ಷರದ್ದೆಂದು ತಿಳಿದ ಮೇಲೆ ಉಳಿದವರಲ್ಲಿ ಆ ಒಂದು ಎಡೆಯನ್ನು ನೋಡಿದರೆ ಸಾಕು. ಇಬ್ಬರು ಅಕ್ಕತಂಗಿಯರು ಪರೀಕ್ಷೆಗೆ ಹೋದರೆ ಒಬ್ಬಳಲ್ಲಿ ದೋಷವಿಲ್ಲವೆಂದು ತಿಳಿದು, ಆಕೆಯೂ ಆಕೆಯ ಮಕ್ಕಳೂ ಆ ಅಂಜಿಕೆಯಿಂದ ಬಿಡುಗಡೆ ಹೊಂದುವ ಸಂಭವವೂ ಅಷ್ಟೇ ಇದೆಯೆಂಬುದನ್ನು ಮುಚ್ಚಿಡುವ ಮನೆಯವರು ಎಣಿಸುವುದಿಲ್ಲ.

ಹೀಗೆ ಪರೀಕ್ಷೆಗೆ ಬಂದವರ ಮುಂದೆ ವೈದ್ಯನು ಮೊದಲು ಇಡುವುದು ಸೂಜಿಯನ್ನಲ್ಲ, ಒಂದು ಹಾಳೆಯನ್ನು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ತೀರಿದವರ ಮೇಲೆ ಓರೆಗೆರೆ. ರೋಗ ಬಂದವರಿಗೆ ಮಸಿ ತುಂಬಿದ ಗುರುತು, ಪಕ್ಕದಲ್ಲಿ ಆಗಿನ ವಯಸ್ಸು. ತಾಯಿಯ ಕಡೆಯ ಮೂರು ತಲೆಮಾರು, ತಂದೆಯ ಕಡೆಯ ಮೂರು ತಲೆಮಾರು. ಗಂಡಸರ ಹೆಸರುಗಳನ್ನು ಹೇಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅಪ್ಪನ ದೊಡ್ಡ ತಂಗಿ ಗುರುಮಠಕಲ್ಲಿನ ಕಡೆಗೆ ಮದುವೆಯಾಗಿ ಹೋದವಳು, ಮೂವತ್ತೆಂಟಕ್ಕೋ ನಲವತ್ತಕ್ಕೋ ತೀರಿಹೋದಳಲ್ಲ, ಆಕೆಗೆ ಏನಾಗಿತ್ತು ಎಂಬ ಎಡೆಗೆ ಬಂದಾಗ ಲೇಖನಿಯು ನಿಲ್ಲುತ್ತದೆ. ಆಗ ಯಾರಾದರೂ ಊರಿಗೆ ಫೋನು ಮಾಡಿ ಹಿರಿಯ ಮುತ್ತೈದೆಯೊಬ್ಬಳನ್ನು ಕೇಳಬೇಕಾಗುತ್ತದೆ.